ಬೀಗದ ಕೈ

ಡಂಡೀ ಊರಿನ ಗುಡ್ಡದ ಮಗ್ಗುಲಲ್ಲಿ,
ನಮ್ಮ ವಿಶ್ವವಿದ್ಯಾಲಯದ ಬೇಲಿ ಮುಗಿಯುವಲ್ಲಿ
ಒಂದು ತಗಡಿನ ಶೆಡ್ಡು.
ಒಳಗೆ ನಾಲ್ಕು ಸಲಿಕೆ, ಒಂದು ತಳ್ಳುಗಾಡಿ,
ಗೊಬ್ಬರದ ಹೊಟ್ಟೆಗೆ ಚುಚ್ಚಿ ನೋಡುವ ಉದ್ದನೆ ಥರ್ಮಾಮೀಟರು.
ಹೊರಗೆ ಹಿತ್ತಾಳೆಯ ಬೀಗ.
ಅದರ ಕೈ ಯಾರ ಕೈಯಲ್ಲಿರಬೇಕು
ಎಂಬುದಕ್ಕೇ ಆರು ಸಭೆ ನಡೆದವು.

ಆರಕ್ಕೂ ನಡಾವಳಿ ಬರೆದವಳು ನಾನು.
ಮೊದಲ ಪುಟದಲ್ಲೇ 'ಸಹಭಾಗಿತ್ವ' ಹನ್ನೊಂದು ಸಲ.
ಏಳನೆಯ ಪುಟದಲ್ಲಿ ವಿಮೆಯವರ ಒಂದೇ ಸಾಲು:
ಕೀಲಿ ಸಿಬ್ಬಂದಿಗೆ ಮಾತ್ರ.
ಸಿಬ್ಬಂದಿ ಎಂದರೆ ಒಂಬತ್ತರಿಂದ ಐದು,
ಶನಿವಾರ ರಜೆ, ಭಾನುವಾರ ರಜೆ.
ಕೊಳೆಯುವುದಕ್ಕೆ ಎಲ್ಲಿಯ ರಜೆ?

ಸೆಪ್ಟೆಂಬರಿನಲ್ಲಿ ನಲವತ್ತು ಹುಡುಗರು ಬಂದರು,
ಎಲೆಹಸಿರು ಅಂಗಿ ತೊಟ್ಟು, ಫೋಟೋಕ್ಕೆ ಸಲಿಕೆ ಎತ್ತಿ ಹಿಡಿದು.
ಕ್ಯಾಂಟೀನಿನ ಕಾಫಿಚರಟ ದಿನಕ್ಕೆ ಹನ್ನೆರಡು ಬಕೆಟ್ಟು,
ನಗುನಗುತ್ತಾ ಸುರಿದರು.
ನವೆಂಬರಿಗೆ ಏಳು ಜನ.
ಪರೀಕ್ಷೆ ಬಂತು, ಕೈ ಕೊಟ್ಟರು.
ದೂರುವುದಿಲ್ಲ. ನಾನೂ ಇಪ್ಪತ್ತರಲ್ಲಿ
ಎಷ್ಟೋ ಗುಂಡಿಗಳನ್ನು ಅರ್ಧ ತೋಡಿ ಬಿಟ್ಟವಳು.

ರಾಶಿ ಮಾತ್ರ ಕೂತಿತ್ತು, ಒದ್ದೆಯಾಗಿ, ಕಪ್ಪಾಗಿ,
ಮುನಿಸಿಕೊಂಡ ಎಮ್ಮೆಯ ಹಾಗೆ.
ಕೆಳಗಿನ ಬೀದಿಯಿಂದ ಪತ್ರ ಬಂತು:
'ನಿಮ್ಮ ಹಸಿರು ನಮ್ಮ ಕಿಟಕಿಯಲ್ಲಿ ನಾರುತ್ತಿದೆ.'
ಕೆಳಗೆ ಸಹಿ, ಸೆಂಗಾ ಕಾರ್ಗಿಲ್.
ಮರುದಿನ ಸಹಿಯ ಹಿಂದೆಯೇ ಮನುಷ್ಯಳೂ ಬಂದಳು,
ಅರವತ್ತೆಂಟರ ಹೆಂಗಸು, ಗಂಡಸರ ಬೂಟು.
ಬೈಯುತ್ತಾಳೆಂದು ಕಾದೆ.
ಮೊಣಕಾಲೂರಿದಳು,
ಒಂದು ಹಿಡಿ ತೆಗೆದು ಹಿಂಡಿದಳು.
ಮಣಿಕಟ್ಟಿನವರೆಗೆ ನೀರು ಇಳಿಯಿತು.
'ಇದು ಗೊಬ್ಬರವಲ್ಲ ಹುಡುಗಿ,' ಎಂದಳು, 'ಪಾರಿಜ್.'
ನನಗೆ ಕೇಳಿಸಿದ್ದು ಗಂಜಿ.

ಒಣದು ಬೇಕಂತೆ. ಹಸಿಯೊಂದೇ ಉಸಿರಾಡದಂತೆ.
ಗ್ರಂಥಾಲಯದ ರಟ್ಟಿನ ಪೆಟ್ಟಿಗೆಗಳು, ಬೀದಿಯ ಉದುರೆಲೆ,
ಮೇಲೆ ಹೊದಿಸಲು ಅವಳ ಅಟ್ಟದಿಂದ ಇಳಿದ ಚೀಲಗಳು.
ಅವಳ ತಾಯಿ ಇಲ್ಲಿಯ ಸೆಣಬಿನ ಗಿರಣಿಯಲ್ಲಿದ್ದಳು,
ಮಗ್ಗಗಳಿಗೆ ಎರಡೂ ಕಿವಿ ಕೊಟ್ಟುಬಿಟ್ಟವಳು,
ಮನೆಗೆ ಬಂದ ಮೇಲೂ
ಬೆರಳಲ್ಲೇ ಮಾತಾಡುತ್ತಿದ್ದಳಂತೆ.
'ನಿಮ್ಮಲ್ಲಿ ಇದಕ್ಕೇನು ಹೆಸರು?'
'ಗೋಣಿ.'
'ಗನಿ,' ಎಂದಳು ತಲೆಯಾಡಿಸಿ,
ಕಳೆದುಹೋಗಿದ್ದ ಗುಂಡಿಯೊಂದು ಸಿಕ್ಕವಳಂತೆ.

ಮೂರನೆಯ ವಾರಕ್ಕೆ ರಾಶಿಗೆ ಜ್ವರ ಬಂತು.
ಅರವತ್ತೊಂದು ಡಿಗ್ರಿ! ಥರ್ಮಾಮೀಟರು ಹಿಡಿದು
ನಾವಿಬ್ಬರೂ ಹೆರಿಗೆಮನೆಯವರ ಹಾಗೆ ನೋಡಿದೆವು.

ಆ ಭಾನುವಾರ ರಾಶಿ ಮಗುಚಬೇಕಿತ್ತು.
ಸಲಿಕೆ ಒಳಗೆ, ಬೀಗ ಹೊರಗೆ,
ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿ.
ಸೆಂಗಾ ಬೇಲಿ ಹಾರಿ ಬಂದು
ಬರಿಗೈಯಲ್ಲಿ ಮಗುಚಿದ್ದಳು.
ಸೋಮವಾರ ಅಂಗೈ ತೋರಿಸಲಿಲ್ಲ.
ನಾನೇ ನೋಡಿದೆ.

ಅವತ್ತು ಊಟದ ಬಿಡುವಿನಲ್ಲಿ
ಬೂಟಿನ ಅಟ್ಟೆ ಹೊಲಿಯುವವನ ಗೂಡಂಗಡಿಗೆ ಹೋದೆ.
ಕೀಲಿಯನ್ನೂ ಕೊರೆದುಕೊಡುತ್ತಾನೆ.
ಕಿಡಿ ಹಾರಿತು. ಮೂರು ಕೈ.
ರಸೀದಿ ಕೇಳಲಿಲ್ಲ.

ಒಂದು ಸೆಂಗಾಗೆ.
ಒಂದು ರಿಮಾಂತಸ್‌ಗೆ. ಕ್ಯಾಂಟೀನು ತೊಳೆಯುವವನು,
ನಸುಕಿನ ಐದಕ್ಕೆ ಬಕೆಟ್ಟು ತಂದು
ಬಾಗಿಲ ಮುಂದಿಟ್ಟು ಹೋಗುತ್ತಿದ್ದ,
ನಡಾವಳಿಯಲ್ಲಿ ಅವನ ಹೆಸರು ಎಲ್ಲೂ ಇಲ್ಲ.
ಮೂರನೆಯದು ಯಾರಿಗೆಂದು ಇನ್ನೂ ಗೊತ್ತಿಲ್ಲ,
ನನ್ನ ಕೋಟಿನ ಜೇಬಿನಲ್ಲಿ ಮೈ ಕಾಯಿಸಿಕೊಳ್ಳುತ್ತಿದೆ.

ವಾರ್ಷಿಕ ವರದಿಯಲ್ಲೊಂದು ಕಾಲಮ್ಮು:
ಚಾಲ್ತಿಯಲ್ಲಿರುವ ಕೀಲಿಗಳ ಸಂಖ್ಯೆ.
'ಒಂದು' ಎಂದು ಬರೆದೆ.
ಕೈ ನಡುಗಲಿಲ್ಲ.

ಇವತ್ತು ಬೆಳಿಗ್ಗೆ ಏಳೂವರೆ, ಇನ್ನೂ ಕತ್ತಲೆ.
ಕೆಳಗೆ ಟೇ ನದಿಯ ಮೇಲೆ ಸೇತುವೆಯ ದೀಪಗಳಷ್ಟೇ.
ಹತ್ತಿ ಬಂದು, ಏದುಸಿರಲ್ಲಿ ಜೇಬು ತಡಕಿದೆ.
ತೆರೆದ ಬೀಗ ಕೊಂಡಿಯಲ್ಲಿ ನೇತಾಡುತ್ತಿತ್ತು.
ಗೋಣಿಯ ಮೇಲೆ ಹಬೆ.
ಒಳಗೆ ಯಾರೋ ಇಬ್ಬರು
ಬಕೆಟ್ಟಿನ ಬಗ್ಗೆ ಜಗಳವಾಡುತ್ತಿದ್ದರು.