ರೇಟಿನಕ್ಕ

ತಿಂಗಳಿಗೊಮ್ಮೆ, ಎರಡನೇ ಮಂಗಳವಾರ,
ಮುಳಗುಂದ ನಾಕಾದಿಂದ ಟಾಂಗಾಕೂಟದ ತನಕ
ಅದೇ ಹದಿನಾಲ್ಕು ಅಂಗಡಿ, ಅದೇ ಸಾಮಾನು.
ಕೊಳ್ಳುವುದಿಲ್ಲ. ಕೇಳುತ್ತೇನೆ, ಬರೆದುಕೊಳ್ಳುತ್ತೇನೆ.
"ರೇಟಿನಕ್ಕ ಬಂದ್ಲು ನೋಡ್ರಿ,
ಈಕಿ ಬಂದು ಹೋದಮ್ಯಾಲ ಏರೇ ಏರತಾವ."
ಮಳೆ ಬಂದದ್ದಕ್ಕೆ
ಮಳೆ ಅಳೆಯುವ ಡಬ್ಬಿಯನ್ನು ಬೈದ ಹಾಗೆ.

ತೊಗರಿಬೇಳೆ, ಬಿಡಿ, ಎರಡನೇ ದರ್ಜೆ, ಒಂದು ಕಿಲೋ.
ಕುಸುಬಿ ಎಣ್ಣೆ, ಒಂದು ಲೀಟರ್.
ರಬ್ಬರ್ ಚಪ್ಪಲಿ, ಗಂಡಸರದು, ನಂಬರ್ ಏಳು.
ಫಕ್ಕೀರೇಶಪ್ಪ ತಕ್ಕಡಿಯ ಮೇಲೆ ಕೈಯಿಟ್ಟು
"ಹೋದ ತಿಂಗಳದ್ದ ಬರೀರಿ ಮೇಡಮ್,
ನಿಮಗೂ ಸುಖ, ನಮಗೂ ಸುಖ" ಎನ್ನುತ್ತಾನೆ.
ಹೋದ ತಿಂಗಳದ್ದು ಹೋದ ತಿಂಗಳೇ ಬರೆದೆನಲ್ಲ ಅಣ್ಣಾ.
ನಗುತ್ತಾನೆ. ಬೇಳೆಗೆ ಆರು ರೂಪಾಯಿ ಏರಿಸುತ್ತಾನೆ,
ನಾನು ಬರಿಗೈಲಿ ಹೋಗಬಾರದೆಂಬಂತೆ.

ಗುರಸಿದ್ದವ್ವನ ಖಾನಾವಳಿಯಲ್ಲಿ ಊಟ ಎಂಬತ್ತು.
ಹೋದ ವರ್ಷವೂ ಎಂಬತ್ತು, ಅದರ ಹಿಂದಿನ ವರ್ಷವೂ.
ರೊಟ್ಟಿ ಎತ್ತಿ ಹಿಡಿದರೆ
ಆಚೆಗಿನ ಬಲ್ಬು ಕಾಣುತ್ತದೆ.
ಎಣ್ಣೆಗಾಯಿಯಲ್ಲಿ ಎರಡಿದ್ದ ಬದನೆ ಒಂದಾಗಿದೆ,
ಆ ಒಂದರ ಹೊಟ್ಟೆಯಲ್ಲೂ ಶೇಂಗಾ ಪುಡಿ ಕಮ್ಮಿ.
ಬದಲಾವಣೆ: ಸೊನ್ನೆ, ಎಂದು ಬರೆಯುತ್ತೇನೆ.
ಆ ಸೊನ್ನೆ ದಿಲ್ಲಿಯವರೆಗೂ ಹೋಗಿ
ಯಾರಿಗೋ ಸಮಾಧಾನ ಹೇಳುತ್ತದೆ.

ಬಸಲಿಂಗಪ್ಪ ಹಡಪದ ಕಟಿಂಗಿಗೆ ಹತ್ತು ಏರಿಸಿದ್ದ,
ಯುಗಾದಿ ಕಳೆದ ಮೇಲೆ ಇಳಿಸಿದ.
ತಿಂಗಳಿಗೊಮ್ಮೆ ಬರುತ್ತಿದ್ದ ತಲೆಗಳು
ಈಗ ಐವತ್ತು ದಿನಕ್ಕೊಮ್ಮೆ ಬರುತ್ತವಂತೆ.
"ರೇಟ್ ಅಷ್ಟ ಐತ್ರಿ, ಕೂದಲಾ ಉದ್ದ ಆಗ್ಯಾವ."
ಕೂದಲಿಗೆ ನನ್ನ ಹಾಳೆಯಲ್ಲಿ ಜಾಗವಿಲ್ಲ.

ತರಬೇತಿಯಲ್ಲಿ ಹೇಳಿದ್ದರು: ಒಂದು ಮೂಲ ವರ್ಷ ಇರುತ್ತದೆ,
ಆ ವರ್ಷ ಎಲ್ಲವೂ ನೂರು.
ಬೇಳೆಯೂ ನೂರು, ಬಸ್ ಚಾರ್ಜೂ ನೂರು,
ರೂಪಾಯಿಯಲ್ಲ, ಬರೀ ನೂರು.
ಮನೆಗೆ ಬಂದು ಅವ್ವನಿಗೆ ಹೇಳಿದೆ.
ಆಕೆಗೆ ಹೊಸತೇನೂ ಅನ್ನಿಸಲಿಲ್ಲ.
ಅವಳ ಮೂಲ ವರ್ಷ ನನ್ನ ತಮ್ಮ ಹುಟ್ಟಿದ್ದು.
ಬಾಣಂತನದ ಅಂಟಿನುಂಡಿಗೆ ತಂದ
ಆ ಒಂದು ಕಿಲೋ ಕೊಬ್ಬರಿಯಿಂದ
ಲೋಕವನ್ನೆಲ್ಲ ಅಳೆಯುತ್ತಾಳೆ.

ಹನ್ನೆರಡನೇ ತಾರೀಖು ಟೀವಿಯಲ್ಲಿ: ಹಣದುಬ್ಬರ ಇಳಿಕೆ.
ಅವ್ವ ಚೀಲ ಹಿಡಿದು ಎದ್ದಳು.
ಇಳಿದದ್ದು ರೇಟಲ್ಲವ್ವಾ, ಏರೋ ಓಟ ತುಸು ನಿಧಾನ ಆಗೇತಿ.
"ಅಂದ್ರ ಬಸ್ಸು ನಿಂತಿಲ್ಲ."
ನಿಂತಿಲ್ಲ.
"ಹಿಂದಕ್ಕಂತೂ ಬರೂದಿಲ್ಲ."
ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದಳು.

ನಾನು ಬರೆದ ತುಟ್ಟಿಯ ಮೇಲೆ
ಎಲ್ಲೋ ಯಾರಿಗೋ ತುಟ್ಟಿಭತ್ಯೆ ಏರುತ್ತದೆ.
ನನ್ನದು ಗುತ್ತಿಗೆ ನೌಕರಿ.
ಹದಿನೆಂಟು ಸಾವಿರ. ನನ್ನ ಮಟ್ಟಿಗೆ
ಇದು ಇನ್ನೂ ಮೂಲ ವರ್ಷ.

ಕಡೆಗೆ ಮಾಬೂಬಿಯ ಬುಟ್ಟಿ. ಟೊಮೇಟೊ, ಸ್ಥಳೀಯ, ಒಂದು ಕಿಲೋ.
"ಯಾವ ರೇಟ್ ಬೇಕವ್ವಾ? ಮುಂಜಾನಿದ್ದು ನಲವತ್ತು,
ಸಂಜಿದ್ದು ಇಪ್ಪತ್ತೈದು,
ರಾತ್ರಿ ಒಂಬತ್ತರ ಮ್ಯಾಲ ದನಕ್ಕ."
ಹಾಳೆಯಲ್ಲಿ ಚೌಕ ಒಂದೇ.
ನಾನು ಬರುವುದು ಮುಂಜಾನೆ, ಹಾಗಾಗಿ ನಲವತ್ತು.

ಸಂಜೆ ಅದೇ ಬುಟ್ಟಿಯ ಮುಂದೆ
ಇಪ್ಪತ್ತೈದರವಳಾಗಿ ಬಂದು ನಿಲ್ಲುತ್ತೇನೆ.
ತೂಗಿ ಚೀಲಕ್ಕೆ ಸುರಿದ ಮೇಲೆ
ಒಂದೆಳೆ ಕೊತ್ತಂಬರಿ, ನಾಲ್ಕು ಹಸಿಮೆಣಸು
ಕೊಸರು ಹಾಕಿ, "ಇದನ್ನ ಬರಕೋಬ್ಯಾಡ" ಎನ್ನುತ್ತಿದ್ದಳು,
ಬರೆಯುವುದಕ್ಕೆ ಸಾಲಿರಲಿಲ್ಲ ಎಂಬುದು ಬೇರೆ ಮಾತು.

ಈ ಮಂಗಳವಾರ ತೂಗಿದಳು.
ಚಿಲ್ಲರೆ ಎಣಿಸಿ ಕೈಗಿಟ್ಟಳು.
ಕೊತ್ತಂಬರಿಗೆ ನೀರು ಚಿಮುಕಿಸುತ್ತ
ರಸ್ತೆಯ ಆಚೆ ನೋಡಿದಳು.

ನಾನು ಚೀಲದ ಬಾಯಿ
ತುಸು ಹೊತ್ತು ತೆರೆದೇ ಹಿಡಿದಿದ್ದೆ.