ಆಯ್ತು

ಹೆಬ್ಬಾಳದ ಲ್ಯಾಬಿನ ಸೂಕ್ಷ್ಮದರ್ಶಕ
ರಾತ್ರಿಯಿಡೀ ಚಿತ್ರ ತೆಗೆಯುತ್ತದೆ.
ಬೆಳಗಾಗುವಷ್ಟರಲ್ಲಿ ಮೂರು ಟೆರಾಬೈಟ್ ಮಂಜು,
ಆ ಮಂಜಿನೊಳಗೆಲ್ಲೋ ಒಂದು ಪ್ರೋಟೀನು.
ಇದನ್ನೆಲ್ಲ ಇಡಲು ಜಾಗ ಮಾಡಿಕೊಡಿ ಅಂದರು.
ಜಾಗ ಸುಲಭ, ಬಾಗಿಲು ಕಷ್ಟ ಅಂದೆ:
ಮೂವತ್ತು ಜನ ಒಮ್ಮೆಗೇ ನುಗ್ಗಿದರೂ
ಹೆಗಲಿಗೆ ಹೆಗಲು ತಾಗಬಾರದು.

ಎಸ್.ಪಿ. ರೋಡಿನ ಮೂರನೇ ಮಹಡಿಯಲ್ಲಿ ಇಮ್ತಿಯಾಜ್
ಹನ್ನೆರಡು ಡಿಸ್ಕು ಎಣಿಸಿ ಮೇಲೊಂದು ಇಟ್ಟ, ಕೊಸರು.
ಹನ್ನೆರಡರಲ್ಲಿ ಯಾವುದು ಸತ್ತರೂ
ಆ ಕೊಸರೇ ಎದ್ದು ನಿಲ್ಲಬೇಕು.

ವೇಗದ್ದು ಮುಂದೆ, ನಿಧಾನದ್ದು ಹಿಂದೆ,
ಬಿಲ್ಲಿನ ಬೆನ್ನಿಗೇ ನಕ್ಷೆ ಬರೆದೆ.
ಎರಡು ಥರ ಯಾಕೆ? ಅಕೌಂಟ್ಸಿನ ತಿಪ್ಪೇಶನ ತಕರಾರು.
ಎದುರಿನ ದರ್ಶಿನಿ ನೋಡಿ ಸಾರ್,
ಇಡ್ಲಿ ಕೌಂಟರಿನಲ್ಲಿ, ಅಕ್ಕಿಮೂಟೆ ಅಟ್ಟದ ಮೇಲೆ.
ಸಹಿ ಹಾಕಿದರು. ಹಸಿದಿದ್ದರೋ ಏನೋ.

ಆಮೇಲೆ ಒಂದೇ ಒಂದು ಪದ ಬದಲಿಸಿದೆ.
ಬರೆದ ಮೇಲಲ್ಲ, ಕೇಳಿಸಿಕೊಂಡ ಕೂಡಲೇ
ಸರ್ವರು ಆಯ್ತು ಅನ್ನುವ ಹಾಗೆ.
ವೇಗ ನಾಲ್ಕು ಪಟ್ಟು!
ಮುಖ್ಯಸ್ಥರೇ ಕಾಫಿ ಕೊಡಿಸಿದರು.

ನಮ್ಮೂರ ಮಾತೇ ಅದು.
ದರ್ಜಿ ಆಯ್ತು ಅನ್ನುತ್ತಾನೆ, ಬಟ್ಟೆಗಿನ್ನೂ ಕತ್ತರಿ ತಾಗಿಲ್ಲ.
ಪ್ಲಂಬರು ಆಯ್ತು ಮೇಡಂ ಅನ್ನುತ್ತಾನೆ, ಯಶವಂತಪುರ ದಾಟಿಲ್ಲ.
ಈ ಭಾನುವಾರ ಬಾರೇ ಅಂದ ಅಕ್ಕನಿಗೆ
ನಾನೆಷ್ಟು ಸಲ ಅಂದಿದ್ದೇನೆ.
ಒಪ್ಪಿದ್ದಕ್ಕೂ ಆಯ್ತು, ಮುಗಿದದ್ದಕ್ಕೂ ಆಯ್ತು,
ನಡುವೆ, ಕರೆಂಟು ಹೋಗುವಷ್ಟು ಜಾಗ.

ಹೋಯಿತು, ಒಂದು ಮಂಗಳವಾರ.
ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು,
ಜನರೇಟರು ಕೆಮ್ಮಿ ಏಳುವಷ್ಟರಲ್ಲಿ ಹನ್ನೊಂದು ಸೆಕೆಂಡು.
ನಸೀಮಾಳ ಪರದೆಯಲ್ಲಿ ಉಳಿದ ನಲವತ್ತು ಚಿತ್ರ
ಡಿಸ್ಕಿನಲ್ಲಿ ಇರಲಿಲ್ಲ.
ಇನ್ನೊಮ್ಮೆ ತೆಗೆಯುವ ಹಾಗೂ ಇಲ್ಲ,
ಆ ಕಿರಣ ನೋಡುವುದೆಂದರೆ ಸುಡುವುದು,
ಒಂದು ಜಾಗಕ್ಕೆ ಒಂದೇ ನೋಟ.
ಅವಳು ಅಳಲಿಲ್ಲ, ಬೈಯಲಿಲ್ಲ.
ಆಯ್ತು ಅಂತ ಹೇಳಿತ್ತಲ್ಲ ಮೇಡಂ? ಅಂದಳು ಅಷ್ಟೇ.

ಅವತ್ತೇ ಆ ಪದ ಅಳಿಸಿದೆ.
ಎದುರಿಗೊಂದು ಪುಟ್ಟ ಡ್ರೈವು ಕೂರಿಸಿದೆ,
ಒಳಗೆ ಚೂರು ಉಸಿರು ಕಟ್ಟಿಟ್ಟುಕೊಂಡಿರುತ್ತದೆ ಅದು,
ಕರೆಂಟು ಹೋದರೂ ಕೊನೆಯ ಸಾಲು ಬರೆದೇ ಕಣ್ಣು ಮುಚ್ಚುತ್ತದೆ.
ವೇಗ ಮೂರನೇ ಒಂದು ಪಾಲು ಇಳಿಯಿತು.
ಕಾಫಿ ಯಾರೂ ಕೊಡಿಸಲಿಲ್ಲ.

ರಾತ್ರಿ ಅಕ್ಕನ ಫೋನು. ಭಾನುವಾರ ಬರ್ತೀಯಾ?
ನಾಲಿಗೆಯ ತುದಿಗೆ ಬಂದದ್ದನ್ನು ಹಿಡಿದುಕೊಂಡೆ.
ಲೈನ್ ಕಟ್ಟಾಯ್ತಾ? ಅಂದಳು.
ಇಲ್ಲ ಕಣೇ, ತಡಿ,
ಬರ್ಕೋತಿದೀನಿ.