ವಾರ ಸೊನ್ನೆ

ಎಂಟು ವಾರ, ವಾರಕ್ಕೆ ಮೂರು ವಿಡಿಯೊ,
ಒಂದೊಂದೂ ಏಳು ನಿಮಿಷ ಮೀರಬಾರದು.
ಕೋರಮಂಗಲದಿಂದ ನಮೂನೆ ಬಂದಿದೆ.
ಪೀಣ್ಯ ಎರಡನೇ ಹಂತದ ಈ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಲೇತ್ ಕಲಿಸಿದ್ದನ್ನು
ನಾನೀಗ ಚೌಕಗಳೊಳಗೆ ತುಂಬಬೇಕು.

ಮೊದಲ ಚೌಕ:
ಈ ವಾರದ ಕೊನೆಗೆ ಕಲಿಯುವವರು ಏನು ಮಾಡಬಲ್ಲರು?
ತಿಳಿಯಬಲ್ಲರು, ಎಂದು ಬರೆದೆ.
ಪಕ್ಕದಲ್ಲೇ ಕೆಂಪು ಟಿಪ್ಪಣಿ, ಸಿಂಚನಾಳದು:
ಸರ್, ತಿಳಿಯುವುದು ಬೇಡ, ಅದನ್ನು ಅಳೆಯಲಾಗದು;
ಅಳತೆಗೆ ಸಿಗುವ ಕ್ರಿಯಾಪದ ಹಾಕಿ.

ಅಳತೆಯ ಮಾತು, ನನಗೆ!
ಕೂದಲೆಳೆಯಷ್ಟು ತಪ್ಪಿದ ಜಾಬನ್ನು
ಹುಡುಗರ ಕಣ್ಣೆದುರೇ ಗುಜರಿ ಡಬ್ಬಕ್ಕೆ ಎಸೆದವನು ನಾನು.
ಆದರೂ ಅವಳು ಹೇಳಿದ್ದು ಸರಿ.
ತಿಳಿದಿದ್ದಾರೆ ಎಂದು ಸಹಿ ಹಾಕಿ ಕಳಿಸಿದವರಲ್ಲಿ
ಎಷ್ಟು ಜನ ವರ್ನಿಯರ್ ಓದುತ್ತಿದ್ದರು,
ಎಷ್ಟು ಜನ ನನ್ನ ಮುಖ ಓದುತ್ತಿದ್ದರು?

ಹೊಡೆದು ಹಾಕಿದೆ. ಬರೆದೆ:
ಓದಬಲ್ಲರು, ಸೆಂಟರ್ ಹಿಡಿಯಬಲ್ಲರು,
ಚೂರಿನ ಸುರುಳಿ ನೀಲಿಗೆ ತಿರುಗುವ ಮುನ್ನ
ವೇಗ ಇಳಿಸಬಲ್ಲರು.

ನನ್ನ ಮೇಸ್ತ್ರಿ ಅಂತೋಣಪ್ಪನಿಗೆ ಪಠ್ಯಕ್ರಮ ಇರಲಿಲ್ಲ.
ಮೂರು ತಿಂಗಳು ಗುಡಿಸು ಎಂದ, ಗುಡಿಸಿದೆ.
ಆಮೇಲೆ ಎಣ್ಣೆ ಬಿಡು ಎಂದ, ಬಿಟ್ಟೆ.
ಯಾಕೆ ಎಂದು ಕೇಳಿದ ದಿನ
ಟೀ ತರಲು ಕಳಿಸಿದ.
ಅದೇ ನಿಜವಾದ ಕಲಿಕೆ ಅನ್ನುವವರಿದ್ದಾರೆ.
ನನಗೆ ಹೋದದ್ದು ಒಂದು ವರ್ಷ
ಮತ್ತು ಎಡಗೈ ತೋರುಬೆರಳಿನ ತುದಿ.
ತಿರುಗುವ ಜಾಬನ್ನು ವೇಸ್ಟಿನಿಂದ ಒರೆಸಬಾರದೆಂದು
ಯಾವ ವಾರದಲ್ಲೂ ಯಾರೂ ಹೇಳಿರಲಿಲ್ಲ.

ಹಾಗಾಗಿ ವಾರ ಒಂದರ ತಲೆಯ ಮೇಲೆ
ಇನ್ನೊಂದು ಸಾಲು ಸೇರಿಸಿದೆ: ವಾರ ಸೊನ್ನೆ.
ವಿಡಿಯೊ: ನನ್ನ ಕೈ. ನಲವತ್ತು ಸೆಕೆಂಡು. ಮಾತಿಲ್ಲ.

ಅಸೈನ್‌ಮೆಂಟಿನ ಗಡುವು
ಶನಿವಾರ ರಾತ್ರಿ ಹನ್ನೊಂದು ಐವತ್ತೊಂಬತ್ತು ಎಂದಿತ್ತು.
ಲಗ್ಗೆರೆಯ ಶಕೀಲಾ ಹೆಸರು ಕೊಟ್ಟಿದ್ದಾಳೆ,
ಪ್ಯಾಕಿಂಗ್‌ನಲ್ಲಿದ್ದಾಳೆ, ಮೆಷಿನ್ ಕಡೆ ಬರಬೇಕಂತೆ.
ಸೆಕೆಂಡ್ ಶಿಫ್ಟ್ ಬಿಡುವುದೇ ಹತ್ತೂಮುಕ್ಕಾಲಿಗೆ,
ಷೇರ್ ಆಟೊ ತುಂಬುವ ತನಕ ರಸ್ತೆ ಬದಿ,
ಮನೆ ಸೇರಿ ಕುಕ್ಕರ್ ಇಟ್ಟರೆ
ಮೂರನೇ ಕೂಗಿಗೆ ಗಡುವು ಮುಗಿದಿರುತ್ತದೆ.
ಸೋಮವಾರ ಮಧ್ಯಾಹ್ನ ಎಂದು ತಿದ್ದಿದೆ.
ಕಾರಣ ಕೇಳುವ ಚೌಕವೂ ಒಂದಿತ್ತು.
ಬರೆದೆ: ಕುಕ್ಕರ್.

ಉಳಿದದ್ದು ಕಿವಿ.
ಟೂಲ್ ಮೊಂಡಾಗುವ ಹೊತ್ತಿಗೆ ಉಕ್ಕು ದನಿ ಬದಲಿಸುತ್ತದೆ,
ಜ್ವರ ಬರುವ ಮಗು ರಾತ್ರಿಯೇ ರಚ್ಚೆ ಹಿಡಿದ ಹಾಗೆ.
ವಾರ ಐದು: ಕೇಳಿಸಿಕೊಳ್ಳಬಲ್ಲರು.
ಈ ಸಲ ಟಿಪ್ಪಣಿಯಲ್ಲ, ಫೋನೇ ಬಂತು.
"ಕೇಳಿಸಿಕೊಳ್ಳೋದನ್ನ ಆನ್‌ಲೈನಲ್ಲಿ ಹೇಗೆ ಸರ್ ಕಲಿಸ್ತೀರ?
ಅದಕ್ಕೆ ಮಾರ್ಕ್ಸ್ ಹೇಗೆ ಹಾಕ್ತೀರ?"
ಉತ್ತರ ಇರಲಿಲ್ಲ, ಸುಮ್ಮನಿದ್ದೆ.
ಅವಳ ಉಸಿರಿನ ಹಿಂದೆ
ಟಕ್. ಒಂದು ಎಣಿಕೆ ಬಿಟ್ಟು, ಟಕ್.
"ನಿಮ್ಮ ತಲೆ ಮೇಲಿನ ಫ್ಯಾನಿನ ಬೇರಿಂಗ್ ಹೋಗ್ತಾ ಇದೆಯಮ್ಮ,
ಓಲಾಡ್ತಾ ಇರಬೇಕು, ನೋಡಿ."
ಅತ್ತ ಕುರ್ಚಿ ಸರಿದ ಸದ್ದು.
ಬಹಳ ಹೊತ್ತು ಟಕ್ ಮಾತ್ರ.
ಆಮೇಲೆ ಯಾರೋ ಸ್ವಿಚ್ ಆರಿಸಿದರು.

ವಾರ ಐದರ ಅಸೈನ್‌ಮೆಂಟು ಈಗ ಹೀಗಿದೆ:
ಮನೆಯಲ್ಲೊ ಬೀದಿಯಲ್ಲೊ ತಿರುಗುವ ಯಾವುದನ್ನಾದರೂ
ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ.
ಮಿಕ್ಸಿ, ಬೋರ್‌ವೆಲ್ ಮೋಟರು, ಕಬ್ಬಿನ ಹಾಲಿನ ಗಾಣ.
ಏನು ಸರಿಯಿಲ್ಲ, ಎರಡು ಸಾಲು ಬರೆಯಿರಿ.
ಎಲ್ಲ ಸರಿಯಿದೆ ಅನ್ನಿಸಿದರೆ
ಇನ್ನೊಂದು ಸಲ ಕೇಳಿ.
ಸೀಲಿಂಗ್ ಫ್ಯಾನ್ ಮಾತ್ರ ಬೇಡ;
ಆ ಪ್ರಶ್ನೆ ಸೋರಿಕೆಯಾಗಿದೆ.